ಕ್ಷಮಿಸಿ ಎನ್ನಲು ನಾವ್ಯಾರು?

ಆಫ್ರಿಕಾದ ರುವಾಂಡದಲ್ಲಿ ನರಮೇಧ ಶುರುವಾದ ಏಪ್ರಿಲ್ 7 ಹತ್ತಿರ ಬಂದಾಗಲೆಲ್ಲ ಅಲ್ಲಿನ ಫೋಟೊಗಳು ಹರಿದಾಡುತ್ತವೆ. ಕೊಂದವನೂ ಬದುಕುಳಿದವಳೂ ಅಕ್ಕಪಕ್ಕ ನಿಂತಿರುತ್ತಾರೆ. ಆ ಹೆಂಗಸರ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಅದೇ ಫೋಟೊ ಇಟ್ಟುಕೊಂಡು, ಕ್ಷಮಿಸಲು ಆಗದವಳಿಗೆ ದೇವರ ಮೇಲೆ ನಂಬಿಕೆ ಕಮ್ಮಿ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ.

1994ರಲ್ಲಿ ಸುಮಾರು ನೂರು ದಿನಗಳಲ್ಲಿ ಅಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದರು. ಹೆಚ್ಚಿನವರು ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು, ಕೊಂದವರು ಬಹುಸಂಖ್ಯಾತ ಹುಟು ಜನಾಂಗದ ಉಗ್ರರು. ಕೊಂದವರಲ್ಲಿ ಸೈನಿಕರಷ್ಟೇ ಅಲ್ಲ, ಪಕ್ಕದ ಮನೆಯವರಿದ್ದರು, ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸಿದವರಿದ್ದರು. ಹಿಂದಿನ ಗಲಭೆಗಳಲ್ಲಿ ಚರ್ಚಿಗೆ ಓಡಿದವರು ಉಳಿದುಕೊಂಡಿದ್ದರು. ಅದೇ ಧೈರ್ಯದ ಮೇಲೆ ಈ ಸಲವೂ ಓಡಿದರು. ನ್ಯಮಾಟ ಚರ್ಚು ಈಗ ಸ್ಮಾರಕ. ತಗಡಿನ ಸೂರಿನ ತುಂಬ ತೂತು, ಪೂಜೆಯ ಪೀಠದ ಬಟ್ಟೆ ಮೇಲೆ ರಕ್ತದ ಕಲೆ. ನ್ಯಾಂಗೆಯಲ್ಲಿ ಜನ ಒಳಗಿರುವಾಗಲೇ ಚರ್ಚನ್ನು ಬುಲ್ಡೋಜರ್ ತಂದು ಕೆಡವಿದರು. ಅದಕ್ಕೆ ಒಪ್ಪಿಗೆ ಕೊಟ್ಟವನು ಅಲ್ಲಿನ ಪಾದ್ರಿ, ಅಥನಾಸ್ ಸೆರೊಂಬಾ. 2008ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಚರ್ಚಿನ ಪಾಪಕ್ಕಾಗಿ ಪೋಪ್ ಫ್ರಾನ್ಸಿಸ್ ದೇವರ ಕ್ಷಮೆ ಬೇಡಿದ್ದು 2017ರಲ್ಲಿ. ಅಷ್ಟು ದೊಡ್ಡ ಸಂಸ್ಥೆಗೇ ಅಷ್ಟು ವರ್ಷ ಬೇಕಾಯಿತು. ಇನ್ನು ಮನೆಮಂದಿಯನ್ನೆಲ್ಲ ಕಳೆದುಕೊಂಡ ಒಬ್ಬಳಿಗೆ ಗಡುವು ಹಾಕುವುದು ಯಾವ ನ್ಯಾಯ?

ಇಮಾಕ್ಯುಲೆ ಇಲಿಬಗಿಜಾ ಅವರನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಹುಟು ಪಾದ್ರಿಯೊಬ್ಬರ ಮನೆಯ ಪುಟ್ಟ ಬಚ್ಚಲಿನಲ್ಲಿ ಬೇರೆ ಹೆಂಗಸರ ಜೊತೆ 91 ದಿನ ಅಡಗಿ ಕೂತಿದ್ದವರು. ಆಮೇಲೆ ಜೈಲಿಗೆ ಹೋಗಿ, ತನ್ನವರನ್ನು ಕೊಂದವನಿಗೆ ಕ್ಷಮಿಸಿದ್ದೇನೆ ಎಂದರು. ಜನ ಇದನ್ನಷ್ಟೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ ಬಚ್ಚಲಿನೊಳಗೆ ನಡೆದದ್ದು. ಅಪ್ಪ ಕೊಟ್ಟ ಜಪಸರ ಹಿಡಿದು ದಿನವಿಡೀ ಪ್ರಾರ್ಥಿಸುತ್ತಿದ್ದರು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪನ್ನೂ ಕ್ಷಮಿಸು ಎನ್ನುವ ಸಾಲು ಬಂದಾಗ ನಾಲಿಗೆ ಏಳುತ್ತಿರಲಿಲ್ಲ. ಅದನ್ನು ಬಿಟ್ಟು ಮುಂದೆ ಹೋಗಲು ನೋಡುತ್ತಿದ್ದರು. ಮನಸ್ಸಿನಲ್ಲಿ ಇಲ್ಲದ್ದನ್ನು ದೇವರ ಮುಂದೆ ಹೇಗೆ ಹೇಳುವುದು? ಆ ಸಾಲು ಬಿಟ್ಟ ದಿನಗಳಲ್ಲೂ ಆಕೆಯ ಭಕ್ತಿ ಒಂದಿಷ್ಟೂ ಕಮ್ಮಿ ಇರಲಿಲ್ಲ. ಸುಳ್ಳು ಹೇಳದೇ ಇರುವುದೂ ಭಕ್ತಿಯೇ ಎಂದು ನಾನು ನಂಬುತ್ತೇನೆ. ಆ ಸಾಲು ಇವತ್ತಿಗೂ ಬಾಯಿಗೆ ಬಾರದ ಎಷ್ಟೋ ಜನ ಅಲ್ಲಿದ್ದಾರೆ. ಅವರೂ ಭಾನುವಾರ ಚರ್ಚಿಗೆ ಹೋಗುತ್ತಾರೆ.

ಇನ್ನೊಂದು ಮಾತು. ಊರೂರಲ್ಲಿ ಗಚಾಚಾ ಎಂಬ ಕಟ್ಟೆ ನ್ಯಾಯಾಲಯಗಳು ನಡೆದವು, 2012ರವರೆಗೆ. ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದವರಿಗೆ ಶಿಕ್ಷೆ ಕಡಿಮೆಯಾಗುತ್ತಿತ್ತು. ಲಕ್ಷಕ್ಕೂ ಹೆಚ್ಚು ಕೈದಿಗಳಿದ್ದ ಬಡ ದೇಶ, ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಎದುರಿಗೆ ಕೂತವಳಿಗೆ ಆ ಕ್ಷಮೆ ಮನಸ್ಸಿನಿಂದ ಬಂತೋ ಶಿಕ್ಷೆಯ ಲೆಕ್ಕದಿಂದ ಬಂತೋ ಹೇಗೆ ಗೊತ್ತಾಗಬೇಕು? ಎಷ್ಟೋ ಜನ ಅಲ್ಲಿ ಕೇಳಿದ್ದು ಒಂದೇ: ನನ್ನವರ ಹೆಣ ಎಲ್ಲಿ ಹಾಕಿದ್ದೀರಿ, ಅದನ್ನಾದರೂ ಹೇಳಿ, ಮಣ್ಣು ಮಾಡುತ್ತೇವೆ. 2018ರಲ್ಲಿ ರಾಜಧಾನಿ ಕಿಗಾಲಿ ಹತ್ತಿರ ಮನೆಗಳ ಕೆಳಗೇ ದೊಡ್ಡ ಗುಂಡಿಗಳು ಸಿಕ್ಕವು, ಒಳಗೆಲ್ಲ ಮೂಳೆ. ಅಷ್ಟು ವರ್ಷ ಗೊತ್ತಿದ್ದವರೂ ಬಾಯಿ ಬಿಟ್ಟಿರಲಿಲ್ಲ. ಉಪದೇಶ ಮಾಡಲೇಬೇಕು ಎನ್ನುವವರು ಮೊದಲು ಅವರಿಗೆ ಮಾಡಲಿ.