ನಿಲ್ಲದ ಗಾಡಿಯ ಯಜಮಾನರು

ಕಳೆದ ತಿಂಗಳು ಹಾಸನದ ಒಂದು ಕಲ್ಯಾಣಮಂಟಪದಲ್ಲಿ ಎರಡನೆಯ ಪಂಕ್ತಿಗೆ ಕುಳಿತಿದ್ದೆ. ಹೋಳಿಗೆ ಬಡಿಸುವವರು ನನ್ನಿಂದ ಮೂರು ಎಲೆಯಷ್ಟು ದೂರದಲ್ಲಿದ್ದರು. ಅವರ ಬೆನ್ನ ಹಿಂದೆಯೇ ತುಪ್ಪವೂ ಬರುತ್ತಿತ್ತು. ಅಷ್ಟರಲ್ಲಿ ಮೈಕಿನಲ್ಲಿ, "ಗೇಟಿಗೆ ಅಡ್ಡವಾಗಿ ನಿಲ್ಲಿಸಿರುವ ಬಿಳಿ ಇನ್ನೋವಾ ಗಾಡಿಯವರು ದಯವಿಟ್ಟು ಬಂದು ಗಾಡಿ ತೆಗೆಯಬೇಕು" ಎಂದು ಯಾರೋ ಕೂಗಿದರು. ನಮ್ಮ ಸಾಲಿನಿಂದ ಆರು ಮಂದಿ, ಎದುರು ಸಾಲಿನಿಂದ ಐದು ಮಂದಿ, ಒಟ್ಟು ಹನ್ನೊಂದು ಮಂದಿ ಎಂಜಲು ಕೈಯಲ್ಲೇ ಎದ್ದು ನಿಂತರು. ಪಂಕ್ತಿಯ ಮಧ್ಯದಲ್ಲಿ ಏಳಬಾರದೆಂಬ ಹಳೆಯ ಮರ್ಯಾದೆ ಬಿಳಿ ಇನ್ನೋವಾದವರಿಗೆ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ. ಈ ಗಲಿಬಿಲಿಯಲ್ಲಿ ಬಡಿಸುವವರು ದಾರಿ ಬಿಡಲು ಪಕ್ಕಕ್ಕೆ ಸರಿದರು, ಸರಿದವರು ಅಲ್ಲಿಂದಲೇ ಮುಂದಿನ ಸಾಲಿಗೆ ಹೋದರು, ನನ್ನ ಎಲೆಯ ಮೇಲೆ ಹೋಳಿಗೆ ಬೀಳಲೇ ಇಲ್ಲ. ಹನ್ನೊಂದರಲ್ಲಿ ಹತ್ತು ಮಂದಿ, ಅಡ್ಡ ನಿಂತಿರುವುದು ತಮ್ಮದಲ್ಲವೆಂದು ಖಾತ್ರಿಯಾದ ಮೇಲೆ, ನಗುನಗುತ್ತ ಹಿಂದಿರುಗಿ, ಪರಸ್ಪರ ಪರಿಚಯವೇ ಇಲ್ಲದಿದ್ದರೂ "ನಿಮ್ಮದು ಎಷ್ಟು ಓಡಿದೆ?" ಎಂದು ವಿಚಾರಿಸಿಕೊಳ್ಳತೊಡಗಿದರು. ಎರಡು ಲಕ್ಷ ಕಿಲೋಮೀಟರು ಎಂದವರು ಸಂಕೋಚದಿಂದ ತಲೆ ತಗ್ಗಿಸಿದರು. ನಾಲ್ಕು ಲಕ್ಷ ಎಂದವರಿಗೆ ಇನ್ನೊಂದು ಸುತ್ತು ಹೋಳಿಗೆ ಬಂತು.

ಖಾಲಿ ಎಲೆಯ ಮುಂದೆ ಕುಳಿತವನಿಗೆ ಇತರರ ಮಾತು ಚೆನ್ನಾಗಿ ಕೇಳಿಸುತ್ತದೆ. ಇನ್ನೋವಾದಂಥ ಟೊಯೋಟ ಗಾಡಿಯ ಒಡೆಯರು ತಮ್ಮ ಗಾಡಿಯನ್ನು ಹೊಗಳುವ ಕ್ರಮದಲ್ಲಿ ಒಂದು ವಿಚಿತ್ರವಿದೆ ಎಂಬುದು ನನಗೆ ಅಂದು ಹೊಳೆಯಿತು. ಬೇರೆ ಗಾಡಿಯವರು ಪಿಕಪ್ ಹೇಗಿದೆ, ಮೈಲೇಜ್ ಎಷ್ಟು ಬರುತ್ತದೆ, ಬಣ್ಣ ಎಂಥದ್ದು ಎಂದು ಇರುವುದನ್ನು ಹೇಳುತ್ತಾರೆ. ಇವರು ಹೇಳುವುದೆಲ್ಲ ಇಲ್ಲದ್ದನ್ನು: ಕೈ ಕೊಟ್ಟಿಲ್ಲ, ಕೆಟ್ಟಿಲ್ಲ, ದಾರಿಯಲ್ಲಿ ನಿಂತಿಲ್ಲ, ಇಂಜಿನ್ ಬಿಚ್ಚಿಲ್ಲ, ಮಾರಿದರೂ ನಷ್ಟವಿಲ್ಲ. ಪರಮಾತ್ಮನನ್ನು ನೇತಿ ನೇತಿ ಎಂದು ಬಣ್ಣಿಸಿದ ಮೇಲೆ ಆ ಗೌರವ ಪಡೆದ ಇನ್ನೊಂದು ವಸ್ತು ಈ ಗಾಡಿಯೇ ಇರಬೇಕು. ಈ ಹೊಳಹಿನ ಹಿಂದೆ ಒಂದು ದೊಡ್ಡ ತತ್ವವಿದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಅದನ್ನು ಹೇಳುವುದಕ್ಕೆಂದೇ ಈ ಪ್ರಬಂಧಕ್ಕೆ ಕುಳಿತಿದ್ದೇನೆ. ಆದರೆ ಅದಕ್ಕೂ ಮೊದಲು ನಮ್ಮ ಭಾವನ ವಿಷಯ ಬರಬೇಕು.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಅವರ ಬಳಿ ಟೊಯೋಟದ್ದೇ ಒಂದು ಕ್ವಾಲಿಸ್ ಇದೆ. ಬಿಡದಿಯ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯನ್ನು ಕಂಡು, ಇದೇನು ಟ್ರಂಕಿಗೆ ಚಕ್ರ ಹಾಕಿದ್ದಾರೆ ಎಂದು ನಕ್ಕವರಲ್ಲಿ ನಾನೂ ಒಬ್ಬ. ನಕ್ಕವರ ಮಾತು ಉಳಿಯಲಿಲ್ಲ, ಗಾಡಿ ಉಳಿಯಿತು. ಬೆಂಗಳೂರಿನಲ್ಲಿ ಕಾಲ್ ಸೆಂಟರಿನ ಹುಡುಗ ಹುಡುಗಿಯರನ್ನು ಅಪರಾತ್ರಿಯಲ್ಲಿ ಮನೆಯಿಂದ ಎತ್ತಿಕೊಂಡು ಹೋಗಿ ಬೆಳಗಿನ ಜಾವಕ್ಕೆ ತಂದು ಇಳಿಸುತ್ತಿದ್ದ ಕಾಲದಲ್ಲಿ ಅದಕ್ಕೆ ನಿದ್ದೆಯೆಂಬುದೇ ಇರಲಿಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಭಾವ ಇದನ್ನು ಇಂದಿಗೂ ಮನೆಯ ಹಿರಿಯರೊಬ್ಬರ ಅಕಾಲ ಮರಣದಂತೆ ಪ್ರಸ್ತಾಪಿಸುತ್ತಾರೆ. ಕ್ವಾಲಿಸ್ ಎಂಬುದು ಇಂಡೊನೇಷ್ಯಾದಲ್ಲಿ 1977ರಿಂದ ಓಡುತ್ತಿದ್ದ ಕಿಜಾಂಗ್ ಎಂಬ ಗಾಡಿಯ ವಂಶದ್ದೆಂದೂ, ಆ ಭಾಷೆಯಲ್ಲಿ ಕಿಜಾಂಗ್ ಎಂದರೆ ನಮ್ಮ ಮಲೆನಾಡಿನ ಕಾಡುಕುರಿ ಎಂದೂ ನಾನು ಓದಿ ತಿಳಿದಿದ್ದೇನೆ. ಭಾವನಿಗೆ ಹೇಳಿಲ್ಲ. ಅವರು ಅದನ್ನು ಆನೆ ಎಂದು ಕರೆಯುತ್ತಾರೆ, ಆಯುಧಪೂಜೆಗೆ ಹೂವಿನ ಝೂಲು ಹೊದಿಸುತ್ತಾರೆ.

ನನ್ನ ಗಾಡಿ ಬೇರೆ ಕಂಪನಿಯದು. ಯಾವುದೆಂದು ಹೇಳುವುದಿಲ್ಲ; ಕೊಂಡವನ ಮರ್ಯಾದೆಯ ಪ್ರಶ್ನೆ.

ಎಂಟು ವರ್ಷಗಳ ಹಿಂದೆ ಇನ್ನೊಂದು ಮದುವೆಗಾಗಿ ಇದೇ ಹಾಸನದ ದಾರಿಯಲ್ಲಿ ಬೆಳಗಿನ ಆರು ಗಂಟೆಗೆ ಹೊರಟಿದ್ದೆವು. ಯಡಿಯೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಿತು. ಮುಹೂರ್ತಕ್ಕೆ ಎರಡೂವರೆ ಗಂಟೆ ಇತ್ತು. ನನ್ನ ಹೆಂಡತಿ ರೇಷ್ಮೆ ಸೀರೆಯಲ್ಲಿ ಹಿಂದಿನ ಸೀಟಿನಲ್ಲಿಯೇ ಕುಳಿತು, ಏನೂ ಮಾತಾಡದೆ, ಮಾತಾಡಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಪರಿಣಾಮ ಮಾಡುತ್ತಿದ್ದಳು. ಹತ್ತು ನಿಮಿಷದಲ್ಲಿ ಹಿಂದಿನಿಂದ ಪರಿಚಿತವಾದ ಡೀಸೆಲ್ ಸದ್ದು ಕೇಳಿಸಿತು. ಕ್ವಾಲಿಸ್ ಪಕ್ಕಕ್ಕೆ ಬಂದು ನಿಂತಿತು, ಗಾಜು ಇಳಿಯಿತು, ಒಳಗಿನಿಂದ ನಾದಸ್ವರದ ಕ್ಯಾಸೆಟ್ಟಿನ ಧ್ವನಿಯ ಜೊತೆಗೆ ಭಾವನ ಮುಖ ಹೊರಬಂತು.

ಭಾವ ನಿವೃತ್ತಿಗೆ ಮುಂಚೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವರು. ಟೊಯೋಟದ ಉತ್ಪಾದನಾ ಕ್ರಮವನ್ನು ರೂಪಿಸಿದ ತೈಚಿ ಓನೊ ಎಂಬ ಮಹಾಶಯರು, ಯಾವುದೇ ಯಂತ್ರ ಕೆಟ್ಟಾಗ "ಏಕೆ?" ಎಂದು ಐದು ಬಾರಿ ಕೇಳಬೇಕೆಂದು ಕಲಿಸಿದ್ದರಂತೆ. ಯಂತ್ರ ನಿಂತದ್ದೇಕೆ? ಫ್ಯೂಸ್ ಹೋಯಿತು. ಅದೇಕೆ? ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಹೆಚ್ಚಾಯಿತು. ಎಣ್ಣೆ ಏಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಅದೇಕೆ? ಪಂಪಿನ ಶಾಫ್ಟು ಸವೆದಿತ್ತು. ಸವೆದದ್ದೇಕೆ? ಸೋಸುವ ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಯಿತು. ಫ್ಯೂಸು ಬದಲಾಯಿಸಿ ಕೈತೊಳೆದುಕೊಂಡಿದ್ದರೆ ಮತ್ತೆ ಅದೇ ಪಾಡು. ಜಾಲರಿ ಹಾಕಿದರೆ ರೋಗದ ಬೇರಿಗೇ ಮದ್ದು. ಕಾರ್ಖಾನೆಯ ಒಳಗೆ ಇದು ಬಹಳ ಒಳ್ಳೆಯ ಪದ್ಧತಿ ಎಂದು ನಾನು ಯಾವ ತಕರಾರೂ ಇಲ್ಲದೆ ಒಪ್ಪುತ್ತೇನೆ. ಆದರೆ ಹೆದ್ದಾರಿಯ ಬದಿಯಲ್ಲಿ, ಪಂಚೆ ಶಲ್ಯದಲ್ಲಿ ನಿಂತವನ ಮೇಲೆ ಅದನ್ನು ಪ್ರಯೋಗಿಸಬಾರದು.

"ಗಾಡಿ ಏಕೆ ನಿಂತಿತು?" ಎಂದರು ಭಾವ, ಕೆಳಗಿಳಿಯದೆ.

"ಇಂಜಿನ್ ಬಿಸಿಯಾಯಿತು ಭಾವ."

"ಬಿಸಿ ಏಕಾಯಿತು?"

"ರೇಡಿಯೇಟರಿನಲ್ಲಿ ನೀರಿಲ್ಲ."

"ಏಕಿಲ್ಲ?" ಈಗ ಅವರು ಇಳಿದಿದ್ದರು. ಅಕ್ಕನೂ ಇಳಿದಿದ್ದಳು. ಕ್ವಾಲಿಸ್ ಎಂದರೆ ಎಂಟು ಜನಕ್ಕೆ ಕಡಿಮೆ ಹೊರಡುವುದಿಲ್ಲ. ಉಳಿದ ಆರು ಮಂದಿಯೂ ಕಾಲು ಸಡಿಲಿಸುವ ನೆಪದಲ್ಲಿ ಇಳಿದು ಸುತ್ತ ನಿಂತರು.

"ರಬ್ಬರ್ ಹೋಸ್ ಸೀಳಿದೆ."

"ಏಕೆ ಸೀಳಿತು?"

"ಹಳೆಯದು. ಬದಲಾಯಿಸಬೇಕಾಗಿತ್ತು."

"ಏಕೆ ಬದಲಾಯಿಸಲಿಲ್ಲ?"

ಐದನೆಯ ಪ್ರಶ್ನೆಗೆ ಉತ್ತರ ಹಿಂದಿನ ಸೀಟಿನಿಂದ ಬಂತು. "ಗ್ಯಾರೇಜಿನವನು ಹೇಳಿದ್ದ, ಮುನ್ನೂರೈವತ್ತು ರೂಪಾಯಿ ಆಗುತ್ತದೆ ಅಂದಿದ್ದ. ಇವರು, ಮುಂದಿನ ಸರ್ವಿಸಿಗೆ ನೋಡೋಣ ಅಂದರು."

ಓನೊ ಮಹಾಶಯರ ಪದ್ಧತಿಯಂತೆ ಬೇರು ಸಿಕ್ಕಿಬಿಟ್ಟಿತ್ತು. ಸುತ್ತ ನಿಂತಿದ್ದವರೆಲ್ಲ ಬೇರನ್ನೇ ನೋಡುತ್ತಿದ್ದರು. ಐದಕ್ಕೆ ನಿಲ್ಲಿಸಬೇಕೆಂದು ಭಾವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಿಲ್ಲದ ಗಾಡಿಯ ಯಜಮಾನರು ಪ್ರಶ್ನೆಯಲ್ಲಿಯೂ ನಿಲ್ಲುವವರಲ್ಲ. "ಹೋಗಲಿ, ಈ ಗಾಡಿಯನ್ನು ಏಕೆ ತೆಗೆದುಕೊಂಡೆ?" ಎಂದು ಆರನೆಯದನ್ನೂ ಕೇಳಿದರು. ನಾನು ಉತ್ತರಿಸಲಿಲ್ಲ. ಆ ಕ್ವಾಲಿಸಿನಲ್ಲಿ ಎಂಟು ಜನರ ಜೊತೆ ಒಂಬತ್ತನೆಯವಳಾಗಿ ನನ್ನ ಹೆಂಡತಿಯೂ, ಹತ್ತನೆಯವನಾಗಿ ಹಿಂಬದಿಯ ಎದುರುಬದುರು ಸೀಟಿನಲ್ಲಿ ಬೆಳ್ಳಿ ಬಟ್ಟಲುಗಳ ಉಡುಗೊರೆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಹಾಸನ ತಲುಪಿದೆವು. ಮುಹೂರ್ತ ತಪ್ಪಲಿಲ್ಲ. ಇದನ್ನು ಭಾವ ಅಂದಿನಿಂದ ಇಂದಿನವರೆಗೆ ಎಷ್ಟು ಮದುವೆಗಳಲ್ಲಿ ಹೇಳಿದ್ದಾರೆಂಬ ಲೆಕ್ಕ ನನ್ನಲ್ಲಿದೆ, ಸೌಜನ್ಯದಿಂದ ಬಿಡುತ್ತೇನೆ.

ಆ ಅವಮಾನದ ಫಲವಾಗಿಯೇ ನಾನು ಟೊಯೋಟದ ಚರಿತ್ರೆ ಓದಿದ್ದು. ಎದುರಾಳಿಯ ಕುಲಗೋತ್ರ ತಿಳಿದಿರಬೇಕು. ಓದಿದಾಗ ಸಿಕ್ಕಿದ್ದು ಕಾರಲ್ಲ, ಮಗ್ಗ. 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದ ಸಕಿಚಿ ಟೊಯೊಡ, ತಾಯಿ ಕೈಮಗ್ಗದ ಮುಂದೆ ಪಡುತ್ತಿದ್ದ ಕಷ್ಟವನ್ನು ನೋಡಿ ಮಗ್ಗ ಸುಧಾರಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡವನು. ಅವನ ಮಗ್ಗದ ಹೆಚ್ಚುಗಾರಿಕೆ ವೇಗದಲ್ಲಿರಲಿಲ್ಲ. ಅದು ತಾನಾಗಿಯೇ ನಿಲ್ಲುತ್ತಿತ್ತು ಎಂಬುದರಲ್ಲಿತ್ತು. ಒಂದು ಎಳೆ ಹರಿದರೂ ಮಗ್ಗ ನಿಲ್ಲುತ್ತಿತ್ತು. ಹರಿದ ಎಳೆಯೊಂದಿಗೆ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುವ ಅನಾಹುತ ತಪ್ಪುತ್ತಿತ್ತು. 1924ರಲ್ಲಿ ಪೂರ್ಣರೂಪ ಪಡೆದ ಆ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಒಪ್ಪಿಕೊಂಡಿತು. ಮಗ ಕಿಚಿರೊ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕಾರಿನ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಅದಕ್ಕೊಂದು ವಿಭಾಗ ತೆರೆದು, 1937ರಲ್ಲಿ ಬೇರೆ ಕಂಪನಿಯನ್ನೇ ಕಟ್ಟಿದ. ಟೊಯೊಡ ಎಂದರೆ ಸಮೃದ್ಧವಾದ ಗದ್ದೆ; ಅದನ್ನು ಟೊಯೋಟ ಎಂದು ಬದಲಿಸಿದರೆ ಜಪಾನಿ ಲಿಪಿಯಲ್ಲಿ ಎಂಟು ಗೆರೆಯಾಗುತ್ತದೆ, ಎಂಟು ಶುಭ ಎಂದು 1936ರಲ್ಲಿ ಬದಲಿಸಿದರು. ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿಕೊಳ್ಳುವ ನಮ್ಮವರನ್ನು ಕಂಡು ನಗುವ ಭಾವ ಈ ಮಾತಿಗೆ ಮಾತ್ರ, "ಅದರ ಹಿಂದೆ ಏನೋ ವೈಜ್ಞಾನಿಕ ಕಾರಣ ಇರುತ್ತದೆ" ಎಂದರು.

ಕಿಚಿರೊನ ಮೊದಲ ಲಾರಿಗಳು ದಾರಿದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು, ಕಂಪನಿಯ ಇಂಜಿನಿಯರುಗಳು ನಿಂತಲ್ಲಿಗೇ ಓಡಿಹೋಗಿ ಸರಿಮಾಡುತ್ತಿದ್ದರು ಎಂಬ ಪುಟವನ್ನು ಓದಿದಾಗ ನನಗಾದ ಸಂತೋಷವನ್ನು ಬಣ್ಣಿಸಲಾರೆ. 1957ರಲ್ಲಿ ಕ್ರೌನ್ ಎಂಬ ಕಾರನ್ನು ಅಮೆರಿಕಕ್ಕೆ ಕೊಂಡೊಯ್ದರು; ಅಲ್ಲಿಯ ಹೆದ್ದಾರಿಯ ವೇಗಕ್ಕೆ ಅದರ ಇಂಜಿನ್ ತಡೆಯದೆ, ಕೆಲವೇ ವರ್ಷದಲ್ಲಿ ರಫ್ತು ನಿಲ್ಲಿಸಬೇಕಾಯಿತು. 2009–10ರಲ್ಲಿ, ಕಾಲಡಿಯ ಮ್ಯಾಟು ಪೆಡಲಿಗೆ ಸಿಕ್ಕಿಕೊಳ್ಳುತ್ತದೆ, ಪೆಡಲು ಅಂಟಿಕೊಳ್ಳುತ್ತದೆ ಎಂದು ಲಕ್ಷಗಟ್ಟಲೆ ಗಾಡಿಗಳನ್ನು ವಾಪಸು ಕರೆಸಿ, ಸಕಿಚಿಯ ಮರಿಮಗ ಅಕಿಯೊ ಅಮೆರಿಕದ ಸಂಸತ್ತಿನ ಮುಂದೆ ಕ್ಷಮೆ ಕೇಳಿದ. ಇದನ್ನೆಲ್ಲ ನಾನು ಒಂದು ಭಾನುವಾರ ಭಾವನ ಮನೆಗೆ ಹೋಗಿ ಕ್ರಮವಾಗಿ ನಿರೂಪಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಅದೆಲ್ಲ ಅಮೆರಿಕದಲ್ಲಿ. ನಮ್ಮದು ಬಿಡದಿಯದು" ಎಂದರು.

ಬಿಡದಿಯ ಮಾತಿಗೆ ಬಂದರೆ ನನಗೂ ಒಳಗೊಳಗೇ ಅಭಿಮಾನ ಉಂಟೆಂದು ಒಪ್ಪಿಕೊಳ್ಳಬೇಕು. ಜಪಾನಿನವರ ಜೊತೆ ಕೈಜೋಡಿಸಿದ ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿಯ ಸೀಮೆಯವರು, ಅಲ್ಲಿಯೇ ಸೈಕಲ್ ಅಂಗಡಿಯಿಂದ ಕೆಲಸ ಶುರುಮಾಡಿದವರು. ಅವರ ಮನೆತನವೂ ಟೊಯೋಟದ ಬಳಗವೂ ಇಲ್ಲಿ ಮೊದಲು ಕೂಡಿದ್ದು ಕಾರಿಗಲ್ಲ, ನೂಲುವ ಯಂತ್ರಕ್ಕೆ. ಕಾರಿನ ಕಂಪನಿ ಬಂದದ್ದು ಆಮೇಲೆ, 1997ರಲ್ಲಿ. ಬಡಗಿಯ ಮಗನ ನೂಲು ನೇಯ್ಗೆಯ ನಂಟು ಇಲ್ಲಿಗೂ ಕಾರಿಗಿಂತ ಮುಂಚೆಯೇ ಬಂದಿತ್ತು.

ಮಗ್ಗದ ವಿಷಯ ತಿಳಿದ ಮೇಲೆ ನನ್ನ ವಾದ ಸಿದ್ಧವಾಯಿತು. ನಿಲ್ಲುವುದೇ ಈ ಕಂಪನಿಯ ಮೂಲಮಂತ್ರ. ಕಾರ್ಖಾನೆಯಲ್ಲಿಯೂ, ತಪ್ಪು ಕಂಡ ಯಾವ ಕಾರ್ಮಿಕನಾದರೂ ತಲೆಯ ಮೇಲಿನ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಹಾಗಿರುವಾಗ ನಿಲ್ಲುವುದೇ ಇಲ್ಲವೆಂದು ಹೆಮ್ಮೆಪಡುವ ಇವರು ಸಕಿಚಿಯ ಉಪದೇಶಕ್ಕೆ ವಿರುದ್ಧವಾಗಿದ್ದಾರೆ. ಹೋಸ್ ಸೀಳಿದೊಡನೆ ಯಡಿಯೂರಿನ ಆಚೆ ತಾನಾಗಿಯೇ ನಿಂತ ನನ್ನ ಗಾಡಿಯೇ ಆ ಮಗ್ಗದ ನಿಜವಾದ ವಾರಸುದಾರ. ಈ ವಾದವನ್ನು ಭಾವನ ಮುಂದಿಟ್ಟಾಗ ಅವರು ಕಾಫಿ ಲೋಟ ಕೆಳಗಿಟ್ಟು, "ಮಗ್ಗ ಬಟ್ಟೆ ಕೆಡುವ ಮೊದಲು ನಿಲ್ಲುತ್ತಿತ್ತು. ನಿನ್ನದು ಇಂಜಿನ್ ಸುಟ್ಟ ಮೇಲೆ ನಿಂತಿತು. ಹೆಡ್ ಗ್ಯಾಸ್ಕೆಟ್ಟಿಗೆ ಎಷ್ಟು ಕೊಟ್ಟೆ?" ಎಂದರು. ಹದಿನಾಲ್ಕು ಸಾವಿರ ಕೊಟ್ಟಿದ್ದೆ. ಸೂಜಿ ಕೆಂಪಿಗೆ ಏರಿದ್ದನ್ನು ಕುಣಿಗಲ್ಲಿನಲ್ಲಿಯೇ ನೋಡಿದ್ದೆನೆಂಬುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಇನ್ನು ಮೇಲೆ ಹೇಳಿದ ಆ ತತ್ವಕ್ಕೆ ಬರುತ್ತೇನೆ. ಮನುಷ್ಯ ಒಂದು ವಸ್ತುವನ್ನು ಅದು ಮಾಡದೆ ಬಿಟ್ಟದ್ದಕ್ಕಾಗಿ ಹೊಗಳುವ ಸ್ಥಿತಿಗೆ ಹೇಗೆ ತಲುಪುತ್ತಾನೆ ಎಂಬ ವಾಕ್ಯವನ್ನು ನಿನ್ನೆ ಬೆಳಿಗ್ಗೆ ಬರೆಯತೊಡಗಿದ್ದೆ. ಆಗ ಭಾವನ ಫೋನ್ ಬಂತು. ಮೊಮ್ಮಗ ರಾತ್ರಿಯೆಲ್ಲ ಕ್ವಾಲಿಸಿನ ಒಳಗಿನ ದೀಪ ಹಾಗೆಯೇ ಬಿಟ್ಟು ಬ್ಯಾಟರಿ ಇಳಿದುಹೋಗಿದೆ, ನನ್ನ ಗಾಡಿ ತೆಗೆದುಕೊಂಡು ಬಂದರೆ ಕೇಬಲ್ ಹಾಕಿ ಸ್ಟಾರ್ಟ್ ಮಾಡಬಹುದು ಎಂದರು. ಎಂಟು ವರ್ಷ ಕಾದ ಕರೆ. ಪ್ರಬಂಧವನ್ನು ಅಲ್ಲಿಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

"ಕೊನೆಗೂ ನಿಂತಿತಲ್ಲ ಭಾವ" ಎಂದೆ, ಗಾಜು ಮಾತ್ರ ಇಳಿಸಿ, ಕೆಳಗಿಳಿಯದೆ.

"ನಿಂತದ್ದೆಲ್ಲಿ? ಹೊರಡಲಿಲ್ಲ, ಅಷ್ಟೆ" ಎಂದರು ಭಾವ. "ನಿಂತಿತು ಎನ್ನಬೇಕಾದರೆ ಮೊದಲು ಓಡುತ್ತಿರಬೇಕು. ನೀನು ಇಂಜಿನ್ ಆಫ್ ಮಾಡಬೇಡ, ಮತ್ತೆ ಸ್ಟಾರ್ಟ್ ಆಗದೆ ಹೋದರೆ ಕಷ್ಟ."