ಮಿರ್ಚಿ ವಾಸನೆಯ ಮೃಗಯಾವಿಹಾರ

ನಮ್ಮ ಹಿತ್ತಲಿನ ಅವರೆ ಬಳ್ಳಿಯನ್ನು ಜಿಂಕೆಗಳು ಸತತ ಮೂರನೆಯ ವರ್ಷವೂ ಬುಡದವರೆಗೆ ಮೇಯ್ದು ಹೋದ ಬೆಳಿಗ್ಗೆ, ಕಾಂಪೌಂಡು ಎಂಬ ಪದಾರ್ಥವೇ ಇಲ್ಲದ ಅಮೆರಿಕದ ಈ ಓಹಾಯೊ ರಾಜ್ಯದ ಬಡಾವಣೆಯಲ್ಲಿ ನಿಂತು ನಾನು ಅಚ್ಚ ಹೊಸಪೇಟೆಯ ಭಾಷೆಯಲ್ಲಿ ನಾಲ್ಕು ಮಾತು ಆಡಿದೆ. ಅವುಗಳ ಅರ್ಥ ಪಕ್ಕದ ಮನೆಯ ಹಿರಿಯರಿಗೆ ಹೇಗೋ ಆಗಿಬಿಟ್ಟಿತು. ಅವರು ಬೇಲಿಯಿಲ್ಲದ ಗಡಿಯನ್ನು ದಾಟಿ ಬಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರದಿಂದ ಬಂದೂಕಿನ ಬೇಟೆಯ ವಾರ ಶುರುವಾಗುತ್ತದೆಂದೂ, ತಾವು ಪ್ರತಿವರ್ಷ ಹೋಗುವುದು ಹಳೆಯ ಕಲ್ಲಿದ್ದಲು ಗಣಿಯನ್ನು ಮುಚ್ಚಿ ಹುಲ್ಲು ಬೆಳೆಸಿದ ನೆಲಕ್ಕೆಂದೂ, ಮನಸ್ಸಿದ್ದರೆ ನಾನೂ ಜೊತೆಗೆ ಬರಬಹುದೆಂದೂ ಹೇಳಿದರು. ಬಂದೂಕು ಹಿಡಿಯುವುದಕ್ಕಲ್ಲ. ಅದಕ್ಕೆ ತರಬೇತಿ, ಪರೀಕ್ಷೆ, ಪರವಾನಗಿ ಎಲ್ಲವೂ ಬೇಕು. ಚೀಲ ಹಿಡಿಯುವುದಕ್ಕೆ.

ಬೋನಿಗೆ ಬಿದ್ದ ಇಲಿಯನ್ನು ತುಂಗಭದ್ರಾ ಕಾಲುವೆಯ ಆಚೆ ದಡದಲ್ಲಿ ಬಿಟ್ಟು ಬಂದು, ಅದು ಎರಡು ದಿನಗಳಲ್ಲಿ ಮನೆಗೆ ಮರಳಿದಾಗ ಗುರುತು ಸಿಗದವರಂತೆ ನಟಿಸುತ್ತಿದ್ದ ಮನೆತನ ನಮ್ಮದು. ಆದ್ದರಿಂದ ಸುದ್ದಿಯನ್ನು ಅವ್ವನಿಗೆ ಫೋನಿನಲ್ಲಿ ಆದಷ್ಟು ಮೆತ್ತಗೆ ತಿಳಿಸಿದೆ. "ಪಾಂಡುರಾಜ ಜಿಂಕಿ ಹೊಡದು ಏನಾದ ಅಂತ ಗೊತ್ತೈತಿಲ್ಲೋ?" ಎಂದು ಕೇಳಿದ ಅವ್ವ, ಕ್ಷಣಕಾಲ ಯೋಚಿಸಿ, "ಇರ್ಲಿ, ನಿನಗ ಎರಡು ಮಕ್ಕಳಂತೂ ಆಗ್ಯಾವ. ಕಿವಿಗೆ ಹತ್ತಿ ಇಟ್ಕೊಂಡು ಹೋಗು, ಥಂಡಿ ಭಾಳ ಇರ್ತತಿ" ಎಂದಳು. ಹೆಂಡತಿ ಇಷ್ಟು ಸುಲಭಕ್ಕೆ ಬಿಡಲಿಲ್ಲ. "ಸೀತಾದೇವಿ ಬಂಗಾರದ ಜಿಂಕಿ ಕೇಳಿದ್ಲು, ರಾಮ ಹೋದ. ನಾನೇನ್ ಕೇಳೀನ್ರಿ? ಒಂದು ಕಟ್ಟು ಮೆಂತ್ಯ ತರ್ರಿ ಅಂದ್ರ ನಾಲ್ಕು ದಿನ ಮಾಡ್ತೀರಿ" ಎಂದಳು. ಇದಕ್ಕೆ ರಾಮಾಯಣದಲ್ಲಿ ಉತ್ತರವಿರಲಿಲ್ಲ.

ಬಂದೂಕಿನ ಬೇಟೆಯ ದಿನಗಳಲ್ಲಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲುಡುಪನ್ನು ತೊಡಲೇಬೇಕೆಂಬುದು ಇಲ್ಲಿಯ ಕಾನೂನು. ಒಬ್ಬ ಬೇಟೆಗಾರ ಇನ್ನೊಬ್ಬನನ್ನು ಜಿಂಕೆಯೆಂದು ಭ್ರಮಿಸಬಾರದಲ್ಲ. ಹಿರಿಯರು ತಮ್ಮ ಹಳೆಯ ಜಾಕೀಟೊಂದನ್ನು ನನಗೆ ಕೊಟ್ಟರು. ಮುಚ್ಚಳದ ಡಬ್ಬಿಯಲ್ಲಿ ಓಕ್ ಮರದ ಒಣ ಎಲೆಗಳ ನಡುವೆ ಅವರು ಜೋಪಾನ ಮಾಡಿದ್ದ ಆ ಜಾಕೀಟಿಗೆ ಮಣ್ಣಿನ ಕಮಟು ವಾಸನೆಯಿತ್ತು. ಎರವಲು ತಂದ ಬಟ್ಟೆಯನ್ನು ಒಗೆಯದೆ ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿಯಲ್ಲವಾದ್ದರಿಂದ, ಅದು ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ಒಮ್ಮೆ, ಮಲ್ಲಿಗೆಯ ಪರಿಮಳದ ದ್ರವದಲ್ಲಿ ಇನ್ನೊಮ್ಮೆ ಮುಳುಗೆದ್ದು, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಬಿದ್ದಿತು. ಅಂದು ಭಾನುವಾರ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಮಂಡಕ್ಕಿ ವಗ್ಗರಣಿ ಮತ್ತು ಮಿರ್ಚಿ. ಹೊರಗೆ ಚಳಿಯಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು.

ಬೆಳಗಿನ ನಾಲ್ಕು ಗಂಟೆಗೆ ನಾನು ಕಾವಿ ತೊಟ್ಟ ಸನ್ಯಾಸಿಯಂತೆ ಪಿಕಪ್ ಗಾಡಿ ಹತ್ತಿದಾಗ ಹಿರಿಯರು ಮೂಗನ್ನು ಎರಡು ಸಲ ಮೇಲೆತ್ತಿದರು. ಬಳಿಕ ಶಾಲೆಯ ಮೇಷ್ಟ್ರ ತಾಳ್ಮೆಯಿಂದ ವಿಷಯವನ್ನು ವಿವರಿಸಿದರು. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ಮಂಕಾಗಿ ಕಾಣುತ್ತದೆ, ಆದರೆ ನೀಲಿಯೂ ಅದರಾಚೆಯ ಅತಿನೇರಳೆಯೂ ನಮಗಿಂತ ಚೆನ್ನಾಗಿ ಕಾಣುತ್ತವೆ. ಸೋಪಿನ ಪುಡಿಯಲ್ಲಿ ಹೊಳಪಿಗಾಗಿ ಬೆರೆಸುವ ರಾಸಾಯನಿಕ ಅತಿನೇರಳೆ ಬೆಳಕನ್ನು ಹೀರಿಕೊಂಡು ನೀಲಿಯಾಗಿ ಹೊರಬಿಡುತ್ತದೆ. ಅಂದರೆ ನಸುಬೆಳಕಿನಲ್ಲಿ ಜಿಂಕೆಗಳ ಪಾಲಿಗೆ ನಾನು ಜಾತ್ರೆಯ ಸೀರಿಯಲ್ ಲೈಟಿನಂತೆ ಕಾಣಲಿದ್ದೆ. ಮೂಗಿನ ವಿಚಾರವನ್ನು ಅವರು ವಿವರಿಸಲಿಲ್ಲ, ಗಾಡಿಯ ಗಾಜನ್ನು ಮಾತ್ರ ಸ್ವಲ್ಪ ಇಳಿಸಿದರು. ಹೊರಗೆ ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಕೆಳಗಿನ ಚಳಿಯಿತ್ತು.

ನಾವು ಹೊರಟಿದ್ದ ಜಾಗ ಓಹಾಯೊದ ಆಗ್ನೇಯ ಭಾಗದಲ್ಲಿ, ಮಾರ್ಗನ್, ಮಸ್ಕಿಂಗಮ್, ನೋಬಲ್ ಮುಂತಾದ ಕೌಂಟಿಗಳಿಗೆ, ಅಂದರೆ ಇಲ್ಲಿಯ ಜಿಲ್ಲೆಗಳಿಗೆ, ಹರಡಿಕೊಂಡಿರುವ ಸುಮಾರು 60,000 ಎಕರೆಯ ಗಣಿನೆಲ. ವಿದ್ಯುತ್ ಕಂಪನಿಯ ಕೈಯಲ್ಲಿದ್ದ ಈ ನೆಲದ ದೊಡ್ಡ ಭಾಗವನ್ನು 2018ರಿಂದೀಚೆಗೆ ರಾಜ್ಯ ಸರ್ಕಾರ ಹಂತಹಂತವಾಗಿ ಕೊಂಡು, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಅವರ ಹೆಸರಿಟ್ಟಿದೆ. ಓಟದಲ್ಲಿ ನನಗಿರುವ ಪ್ರತಿಭೆ ಆ ಹೆಸರಿಗೆ ಒಪ್ಪುವಂಥದ್ದಲ್ಲವೆಂಬುದು ಮುಂದೆ ಗೊತ್ತಾಗುತ್ತದೆ. ದಾರಿಯಲ್ಲಿ ಹಿರಿಯರು, ನನ್ನನ್ನು ಸಂತೋಷಪಡಿಸಲೆಂದು, ಇದೇ ಗಣಿನೆಲದ ಇನ್ನೊಂದು ಭಾಗದಲ್ಲಿ ಹತ್ತಿರ ಹತ್ತಿರ 10,000 ಎಕರೆಯ 'ದಿ ವೈಲ್ಡ್ಸ್' ಎಂಬ ವನ್ಯಜೀವಿ ಕೇಂದ್ರವಿದೆಯೆಂದೂ, ಅಲ್ಲಿ ನಿಮ್ಮ ದೇಶದ ಒಂಟಿಕೊಂಬಿನ ಘೇಂಡಾಮೃಗಗಳು ಮೇಯುತ್ತವೆಯೆಂದೂ ತಿಳಿಸಿದರು. ಎತ್ತರದ ಬೇಲಿಯ ಬಗ್ಗೆಯೂ ಅವರು ಹೇಳಿರಬೇಕು. ಅಷ್ಟರಲ್ಲಿ ನನಗೆ ಜೋಂಪು ಹತ್ತಿತ್ತು.

ಕತ್ತಲಲ್ಲೇ ನಾವು ಒಂದು ದಿಬ್ಬ ಏರಿ ಕುಳಿತೆವು. ಇಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಮಾತ್ರ ಗುಂಡು ಹಾರಿಸಬಹುದು. ಆ ಗಳಿಗೆಗಾಗಿ ಕಾಯುತ್ತ, ಹಿರಿಯರ ಮೂವತ್ತು ವರ್ಷಗಳ ಸಂಗಾತಿಯಾದ ಸ್ಟೀಲಿನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ನಾನು ಕುಳಿತಿರುವಾಗ, ಬೆನ್ನ ಹಿಂದೆ, ಹೆಚ್ಚೆಂದರೆ ಹತ್ತು ಮಾರು ದೂರದಲ್ಲಿ, ಪ್ರೆಶರ್ ಕುಕ್ಕರಿನ ಉಗಿ ಒಮ್ಮೆಲೇ ಹಾರಿದಂತೆ "ಹುಶ್ಶ್" ಎಂದು ಏನೋ ಮೂಗಿನಿಂದ ಊದಿತು. ಗಾಬರಿಯಾದ ಜಿಂಕೆ, ಉಳಿದ ಜಿಂಕೆಗಳನ್ನು ಎಚ್ಚರಿಸಲು ಹೀಗೆ ಜೋರಾಗಿ ಉಸಿರು ಬಿಡುತ್ತದೆ ಎಂಬುದು ನನಗೆ ಈಗ ಗೊತ್ತು. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಾಣಿ, ಅದಕ್ಕೆ ಒಂದೇ ಕೊಂಬು. "ಅಯ್ಯಯ್ಯಪ್ಪಾ" ಎಂದು ನಾನು ಬೋರಲು ಬಿದ್ದೆ. ಮಡಿಲಿನ ಫ್ಲಾಸ್ಕು ಇಳಿಜಾರು ಹಿಡಿದು, ಪ್ರತಿ ಕಲ್ಲಿಗೂ ಒಂದೊಂದು ಗಂಟೆ ಬಾರಿಸುತ್ತ, ಮಂಗಳಾರತಿಯ ವೇಳೆಯ ದೇವಸ್ಥಾನದಂತೆ ಸದ್ದು ಮಾಡಿಕೊಂಡು, ಬಹಳ ಹೊತ್ತಿನ ಮೇಲೆ ಎಲ್ಲೋ ಕೆಳಗೆ "ಬುಳುಕ್" ಎಂದು ಸುಮ್ಮನಾಯಿತು. ಹಿರಿಯರು ಏನೂ ಅನ್ನಲಿಲ್ಲ. ಕಾಫಿಯೆಲ್ಲ ಅದರಲ್ಲೇ ಇತ್ತು.

ಆಮೇಲಿನ ಎರಡು ಗಂಟೆ ಏನೂ ಬರಲಿಲ್ಲ. ಹಸಿವು ತಡೆಯಲಾರದೆ ನಾನು ಚೀಲದಿಂದ ನಿಪ್ಪಟ್ಟಿನ ಪೊಟ್ಟಣ ತೆಗೆದೆ. ಪ್ಲಾಸ್ಟಿಕ್ ಕವರು ಅಷ್ಟೊಂದು ಮಾತುಗಾರ ವಸ್ತುವೆಂದು ನನಗೆ ತಿಳಿದಿರಲಿಲ್ಲ. ಮೊದಲ ನಿಪ್ಪಟ್ಟನ್ನು ಕಡಿದಾಗ ಹಿರಿಯರ ಭುಜ ಸ್ವಲ್ಪ ಮೇಲೆದ್ದು ಕೆಳಗಿಳಿಯಿತು. ಎರಡನೆಯದನ್ನು ಕಡಿಯದೆ ನಾಲಿಗೆಯ ಮೇಲಿಟ್ಟು ನೆನೆಸಿದೆ. ಹಿಟ್ಟು ಕರಗಿತು, ಕರಿಬೇವು ಮೆತ್ತಗಾಯಿತು, ಆದರೆ ಶೇಂಗಾ ಬೀಜ ಯಾವ ರಾಜಿಗೂ ಒಪ್ಪದೆ ಹಲ್ಲಿನ ನಡುವೆ ಉಳಿಯಿತು. ಕೊನೆಗೆ ಹಿರಿಯರು ಅತ್ಯಂತ ವಿನಯದಿಂದ, ಫ್ಲಾಸ್ಕು ಸಿಗುತ್ತದೆಯೇ ಎಂದು ನೋಡಿ ಬರುತ್ತೀರಾ, ಹಾಗೆಯೇ ಕೆಳಗಿನ ಪೊದೆಗಳಲ್ಲಿ ಒಂದು ಸುತ್ತು ಹಾಕಿದರೆ ಜಿಂಕೆಗಳು ಎದ್ದು ನನ್ನ ಕಡೆಗೆ ಬಂದರೂ ಬರಬಹುದು, ಎಂದು ಸಲಹೆ ಕೊಟ್ಟರು. ನನ್ನನ್ನು ದೂರ ಕಳಿಸುವುದಕ್ಕೆ ಇದಕ್ಕಿಂತ ಸಭ್ಯವಾದ ಉಪಾಯವನ್ನು ಅಧಿಕಾರಿಗಳಲ್ಲೂ ನಾನು ಕಂಡಿಲ್ಲ.

ಇಳಿದ ಮೇಲೆ ನೆಲದ ಮೋಸ ತಿಳಿಯಿತು. ಕಲ್ಲಿದ್ದಲಿಗಾಗಿ ಇಲ್ಲಿ ಗುಡ್ಡಗಳನ್ನೇ ಬಿಚ್ಚಿ, ಅಡಿಯ ಪದರವನ್ನು ತೆಗೆದುಕೊಂಡು, ಮತ್ತೆ ಮಣ್ಣು ತುಂಬಿದ್ದಾರೆ. ಗುಡ್ಡವನ್ನು ಹೆಚ್ಚುಕಡಿಮೆ ಮೊದಲಿದ್ದ ಆಕಾರಕ್ಕೆ ತಂದು, ಮೇಲ್ಮಣ್ಣು ಹರಡಿ, ಹಸಿರು ಹಿಡಿದದ್ದನ್ನು ತೋರಿಸುವವರೆಗೆ ಗಣಿಯವರ ಠೇವಣಿಯನ್ನು ಪೂರ್ತಿ ಹಿಂದಿರುಗಿಸಬಾರದೆಂಬ ಕಾಯ್ದೆಗೆ 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಬುಲ್‌ಡೋಜರ್ ಮಾಡಿದ ಗುಡ್ಡಕ್ಕೂ ದೇವರು ಮಾಡಿದ ಗುಡ್ಡಕ್ಕೂ ಇರುವ ವ್ಯತ್ಯಾಸವೆಂದರೆ, ದೇವರು ಒಂದೇ ಅಚ್ಚನ್ನು ಎರಡು ಸಲ ಬಳಸುವುದಿಲ್ಲ. ಇಲ್ಲಿ ಎಲ್ಲ ದಿಬ್ಬಗಳೂ ಇಡ್ಲಿ ತಟ್ಟೆಯಿಂದ ಎದ್ದು ಬಂದಂತಿದ್ದವು. ಭಾರದ ಯಂತ್ರಗಳು ತುಳಿದು ಗಟ್ಟಿಮಾಡಿದ ಮಣ್ಣಿನಲ್ಲಿ ಮರಗಳು ಸುಲಭವಾಗಿ ಏಳುವುದಿಲ್ಲವಾಗಿ, ಗುರುತಿಗೊಂದು ಮರವೂ ಇರಲಿಲ್ಲ. ಎಲ್ಲೆಲ್ಲೂ ಸೊಂಟದೆತ್ತರದ ಹುಲ್ಲು, ನಡುನಡುವೆ ಆಟಮ್ ಆಲಿವ್ ಎಂಬ ಮುಳ್ಳುಪೊದೆ. ಮಣ್ಣು ಹಿಡಿದಿಡಲಿ, ಹಕ್ಕಿಗಳಿಗೆ ಹಣ್ಣಾಗಲಿ ಎಂದು ಇದನ್ನು ಒಂದು ಕಾಲದಲ್ಲಿ ಬೇಕೆಂದೇ ನೆಟ್ಟರಂತೆ. ಈಗ ವಿಪರೀತ ಹಬ್ಬಿತೆಂದು ಎಲ್ಲರೂ ಅದನ್ನು ಬೈಯುತ್ತಾರೆ. ಏಷ್ಯಾದಿಂದ ಕರೆಸಿಕೊಂಡಾಗ ಬೇಕಾಗಿದ್ದು, ಚೆನ್ನಾಗಿ ಬೇರು ಬಿಟ್ಟ ಮೇಲೆ ಹೆಚ್ಚಾಯಿತೆನಿಸಿಕೊಳ್ಳುವ ಆ ಗಿಡದ ಬಗ್ಗೆ ನನಗೆ ಸಣ್ಣದೊಂದು ಬಂಧುತ್ವ ಮೂಡಿತ್ತು. ಅದು ನನ್ನ ಪ್ಯಾಂಟನ್ನು ಮೊಣಕಾಲಿನಿಂದ ಕೆಳಗೆ ಸೀಳುವವರೆಗೆ.

ಫ್ಲಾಸ್ಕು ಬಿದ್ದದ್ದು ಕೊನೆಯ ಅಗೆತದ ಗುಂಡಿಯಲ್ಲಿ ನೀರು ನಿಂತಾದ ಕೊಳದಲ್ಲಿ. ಅಂಥ ಕೊಳಗಳು ಅಲ್ಲಿ ನೂರಾರು. ಮೂರನೆಯ ಕೊಳ ಕಂಡಾಗ ಅದು ಮೊದಲನೆಯದೇ ಎಂಬ ಅನುಮಾನ ಬಂತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹಿಮ ಹಿಡಿದ ಹುಲ್ಲಿನ ಮೇಲೆ ಯಾರೋ ನಡೆದು ಹೋದ ಗುರುತು ಕಂಡು, ಯಾರಾದರೂ ಬೇಟೆಗಾರ ಸಿಕ್ಕಾನೆಂದು ಅರ್ಧ ಗಂಟೆ ಅದನ್ನೇ ಹಿಂಬಾಲಿಸಿದೆ. ದಾರಿಯಲ್ಲಿ ಒಂದು ನಿಪ್ಪಟ್ಟಿನ ಚೂರು ಸಿಕ್ಕಿದಾಗ ಆ ಬೇಟೆಗಾರ ಯಾರೆಂಬುದು ತಿಳಿಯಿತು.

ಒಂದು ಕಡೆ ಸಣ್ಣ ಹಳ್ಳ ಹರಿಯುತ್ತಿತ್ತು, ತಳವೆಲ್ಲ ನನ್ನ ಜಾಕೀಟಿನ ಬಣ್ಣ. ಗಣಿಯ ಬಂಡೆಗಳಿಂದ ಇಳಿದು ಬರುವ ನೀರಿನ ಕಬ್ಬಿಣ ಗಾಳಿ ಸೋಕಿ ತುಕ್ಕಾಗಿ ಕೂರುವುದರಿಂದ ಹೀಗಾಗುತ್ತದೆ. ಅದನ್ನು ನೋಡುತ್ತಲೇ ನನಗೆ ಸಂಡೂರಿನ ಮಳೆಗಾಲದ ಹಳ್ಳಗಳು ನೆನಪಾದವು. ಅದಿರಿನ ಲಾರಿಗಳ ಕಾಲದಲ್ಲಿ ನಮ್ಮ ಕಡೆಯ ಗಿಡದ ಎಲೆ, ಎಮ್ಮೆಯ ಬೆನ್ನು, ಒಣಹಾಕಿದ ಧೋತರ ಎಲ್ಲವೂ ಇದೇ ಬಣ್ಣಕ್ಕೆ ತಿರುಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯಿಲ್ಲದೆ ಮತ್ತೆ ಅಗೆಯಬಾರದೆಂದಿತು. ನಮ್ಮ ಗುಡ್ಡಗಳ ಅಚ್ಚು ಯಾರ ಬಳಿ ಇದೆಯೋ ಎಂದುಕೊಳ್ಳುತ್ತ ಮುಂದೆ ಹೆಜ್ಜೆ ಇಟ್ಟವನು ಗಕ್ಕನೆ ನಿಂತೆ. ನೆಲ ಮುಗಿದಿತ್ತು.

ಕಾಯ್ದೆಗಿಂತ ಹಿಂದಿನ ಗಣಿಗಳಲ್ಲಿ ಮುಚ್ಚದೆ ಬಿಟ್ಟ ಇಂಥ ಕಡಿದಾದ ಕಲ್ಲುಗೋಡೆಗಳು ಅಲ್ಲಲ್ಲಿ ಉಳಿದುಕೊಂಡಿವೆ. ಗೋಡೆಯ ಪಕ್ಕದಿಂದ ಕಾಲುಹಾದಿಯೊಂದು ಇಳಿಯುತ್ತಿತ್ತು, ನಾನು ಕುಂಡೆಯ ಮೇಲೆ ಜಾರುತ್ತಲೇ ಅದನ್ನು ಮುಗಿಸಿದೆ. ಎದ್ದು ನಿಂತು ನೋಡಿದರೆ, ಇಪ್ಪತ್ತು ಹೆಜ್ಜೆಯಾಚೆ ಬಯಲಿನಲ್ಲಿ ಗಂಡು ಜಿಂಕೆಯೊಂದು ನಿಂತಿದೆ. ಕೊಂಬಿನ ಒಂದೊಂದು ಕವಲೂ ನನ್ನ ಕೈಬೆರಳಿಗಿಂತ ಉದ್ದ. ಮೂಗಿನ ಹೊಳ್ಳೆಗಳಿಂದ ಆವಿ, ಒಂದು ಕಿವಿ ನನ್ನ ಕಡೆಗೆ, ಇನ್ನೊಂದು ದಿಬ್ಬದ ಕಡೆಗೆ. ಅದು ಓಡಲಿಲ್ಲ. ಮೂಗನ್ನು ಮೇಲೆತ್ತಿ, ಬೆಳಿಗ್ಗೆ ಹಿರಿಯರು ಮಾಡಿದಂತೆಯೇ, ಎರಡು ಸಲ ಗಾಳಿಯನ್ನು ಎಳೆದು ನೋಡಿತು. ಅದರ ಮುಖದಲ್ಲಿದ್ದದ್ದು ಭಯವಲ್ಲ, ಕಡಲೆಹಿಟ್ಟಿನ ಬಗೆಗಿನ ಗೊಂದಲವೆಂದು ನಾನು ಇಂದಿಗೂ ನಂಬಿದ್ದೇನೆ. ನನ್ನ ಅವರೆ ಬಳ್ಳಿಗಳ ಲೆಕ್ಕ ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು, ಆದರೆ ನನ್ನ ಬಾಯಿಂದ ಹೊರಟದ್ದು "ಹೋಗೋ ಮಾರಾಯ" ಎಂಬ ಎರಡೇ ಮಾತು. ಜಿಂಕೆ ಬಿಳಿಯ ಬಾಲವನ್ನು ಬಾವುಟದಂತೆ ಎತ್ತಿ, ಮೂರು ನೆಗೆತಕ್ಕೆ ಪೊದೆಯೊಳಗೆ ಮಾಯವಾಯಿತು.

ಅಷ್ಟರಲ್ಲಿ ದಿಬ್ಬದ ಮೇಲಿಂದ ಯಾರೋ ಕೈ ಬೀಸಿದರು. ನೋಡಿದರೆ ಹಿರಿಯರು. ಎರಡು ಗಂಟೆ ಅಲೆದು ನಾನು ಹೊರಟ ಜಾಗದ ಎದುರಿಗೇ ಬಂದು ನಿಂತಿದ್ದೆ. ಹನ್ನೊಂದು ವರ್ಷಗಳಲ್ಲಿ ಅಂಥ ಕೊಂಬು ಅವರು ಕಂಡಿರಲಿಲ್ಲವಂತೆ. ಜಿಂಕೆ ಪೂರ್ತಿ ಹತ್ತು ನಿಮಿಷ ಅವರ ಗುರಿಯಲ್ಲಿ ನಿಂತಿತ್ತು. ಮೊದಲ ಒಂಬತ್ತು ನಿಮಿಷ ಅದು ಪೊದೆಯ ಮರೆಯಲ್ಲಿತ್ತು. ಹತ್ತನೆಯ ನಿಮಿಷಕ್ಕೆ ಬಯಲಿಗೆ ಬಂದಾಗ, ಅದರ ಕೊಂಬುಗಳ ನಡುವೆ, ಹಿನ್ನೆಲೆಯಲ್ಲಿ, ಕಿತ್ತಳೆ ಬಣ್ಣದ ನಾನು ಕಲ್ಲುಗೋಡೆಯಿಂದ ಜಾರುತ್ತ ಇಳಿದೆ. ಗುರಿಯ ಹಿಂದೆ ಏನಿದೆಯೆಂದು ನೋಡದೆ ಗುಂಡು ಹಾರಿಸಬಾರದೆಂಬುದು ಅವರ ತಂದೆ ಕಲಿಸಿದ ಮೊದಲ ಪಾಠ. ಹೀಗಾಗಿ ಅಂದು ಜಿಂಕೆಯ ಪ್ರಾಣವನ್ನು ನಾನೂ ನನ್ನ ಪ್ರಾಣವನ್ನು ಜಾಕೀಟೂ ಉಳಿಸಿದವು.

ಮರಳುವಾಗ ಮೆಕಾನಲ್ಸ್‌ವಿಲ್ ಸಮೀಪ, ಗಣಿಗಾರರ ಸ್ಮಾರಕ ಉದ್ಯಾನದಲ್ಲಿ ಗಾಡಿ ನಿಲ್ಲಿಸಿದೆವು. ಈ ಗುಡ್ಡಗಳನ್ನೆಲ್ಲ ಬಿಚ್ಚಿದ 'ಬಿಗ್ ಮಸ್ಕಿ' ಎಂಬ ದೈತ್ಯ ಯಂತ್ರದ ಬಕೆಟ್ಟನ್ನು ಅಲ್ಲಿ ಇಟ್ಟಿದ್ದಾರೆ. 1969ರಿಂದ 1991ರವರೆಗೆ ದುಡಿದ ಆ ಯಂತ್ರವನ್ನು 1999ರಲ್ಲಿ ಗುಜರಿಗೆ ಹಾಕಿದಾಗ ಉಳಿದದ್ದು ಇದೊಂದೇ. ಒಂದು ಬಾಚಿಗೆ 325 ಟನ್ ಎತ್ತುತ್ತಿದ್ದ ಆ ಬಕೆಟ್ಟಿನೊಳಗೆ ಹೊಸಪೇಟೆಯ ಎರಡು ಬಸ್ಸುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಬಹುದು. ಅದರ ಅಂಚಿನಲ್ಲಿ ಕುಳಿತು ಹಿರಿಯರು, 1904ರ ಹೊತ್ತಿಗೆ ಓಹಾಯೊದಲ್ಲಿ ಒಂದು ಜಿಂಕೆಯೂ ಉಳಿದಿರಲಿಲ್ಲವೆಂದೂ, ಮತ್ತೆ ಬೇಟೆಗೆ ಬಿಟ್ಟದ್ದು 1943ರಲ್ಲಿ ಮೂರೇ ಕೌಂಟಿಗಳಲ್ಲೆಂದೂ, ಈಗ ಎಂಬತ್ತೆಂಟು ಕೌಂಟಿಗಳಲ್ಲೂ ಜಿಂಕೆಗಳಿವೆಯೆಂದೂ ಹೇಳುತ್ತ, ಮಾತಿನ ನಡುವೆ ನನ್ನ ಪೊಟ್ಟಣಕ್ಕೆ ಕೈ ಹಾಕಿದರು. ನಿಪ್ಪಟ್ಟು ಕಡಿದ ಸದ್ದು ಆ ಖಾಲಿ ಬಕೆಟ್ಟಿನೊಳಗೆ ಕಲ್ಲು ಒಡೆದಂತೆ ಮೊಳಗಿತು. ಅವರು ಸ್ವಲ್ಪ ಹೊತ್ತು ಆಲಿಸಿ, ಇನ್ನೊಂದನ್ನು ತೆಗೆದುಕೊಂಡರು. ಪೊಟ್ಟಣ ಅಲ್ಲಿಯೇ ಮುಗಿಯಿತು.

ನಾನು ಅವರಿಗೊಂದು ಹೊಸ ಫ್ಲಾಸ್ಕು ತಂದುಕೊಟ್ಟೆ. ಮೂರು ದಿನಗಳ ಬಳಿಕ ಅವರು ನಮ್ಮ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟು ಹೋಗಿದ್ದರು. ಬೇಟೆಗಾರರಿಗೆಂದೇ ಮಾಡಿದ, ಹೊಳಪಾಗಲಿ ಪರಿಮಳವಾಗಲಿ ಇಲ್ಲದ ಬಟ್ಟೆ ಸೋಪು. ಮೇಲೆ 'ಮುಂದಿನ ವರ್ಷಕ್ಕೆ' ಎಂದು ಬರೆದ ಚೀಟಿ. ನನ್ನ ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಮತ್ತೊಮ್ಮೆ ಮೂಸಿ, ಬೆಲೆಯ ಚೀಟಿಯನ್ನು ತಿರುಗಿಸಿ ಓದಿದಳು.

"ವಾಸನಿನ ಇಲ್ಲದ್ದಕ್ಕ ಇಷ್ಟು ರೊಕ್ಕ ಕೊಡ್ತಾರೇನ್ರೀ ಇವ್ರು?"