ಪಾಪ, ಒಳ್ಳೆಯವರು

ನಿನ್ನೆ ಒಂದು ಗೃಹಪ್ರವೇಶದ ಊಟ. ಪಕ್ಕದ ಎಲೆಗೆ ಕೂತಿದ್ದವರು ದೂರದ ನೆಂಟರು. ಮಹಡಿ ಮನೆ, ಬಾಗಿಲಲ್ಲಿ ಬಿಳಿ ಬೋರ್ಡಿನ ಕಾರು, ಜೇಬಲ್ಲಿ ಬಿಪಿಎಲ್ ಕಾರ್ಡು. ಕೋಸಂಬರಿ ಬಡಿಸೋ ಹೊತ್ತಿಗೇ ಕಾರ್ಡಿನ ಪುರಾಣ ಶುರು: "ಸೊಸೈಟಿ ಅಕ್ಕಿ ಯಾರ್ ತಿಂತಾರೆ ಭಾವ, ಅದು ನಮ್ಮ ನಾಯಿಗೆ. ಆಸ್ಪತ್ರೆ ಖರ್ಚು ವರ್ಷಕ್ಕೆ 5 ಲಕ್ಷದವರೆಗೆ ಕಾರ್ಡಲ್ಲೇ ಫ್ರೀ ಆಗುತ್ತಲ್ಲ, ಅದಕ್ಕೆ ಇಟ್ಕೊಂಡಿದೀನಿ." ಎಲ್ಲರೂ ನಕ್ಕರು. ಎದುರು ಸಾಲಿನಿಂದ ಒಬ್ಬರು, "ಚೆನ್ನಾಗಿ ಬದುಕೋದು ಹೇಗೆ ಅಂತ ಇವರನ್ನ ನೋಡಿ ಕಲೀಬೇಕು" ಅಂದರು.

ಆ 'ಚೆನ್ನಾಗಿ' ರಾತ್ರಿಯೆಲ್ಲ ತಲೆ ತಿಂತು.

ನಮ್ಮ ಮಾತನ್ನೇ ನೋಡಿ. 'ಚೆನ್ನಾಗಿದಾರೆ' ಅಂದ್ರೆ ದುಡ್ಡಿದೆ ಅಂತ. 'ಒಳ್ಳೆಯವರು' ಅನ್ನೋಕೆ ಮುಂಚೆ ಮಾತ್ರ ನಾಲಿಗೆ ತಾನಾಗಿ ಒಂದು 'ಪಾಪ' ಸೇರಿಸುತ್ತೆ. ಕಾಲು ಮುರಿದವರಿಗೆ, ಸಾಲಕ್ಕೆ ಸಿಕ್ಕವರಿಗೆ ಅನ್ನೋ ಪಾಪ ಅದು. ಲಂಚ ಮುಟ್ಟದೆ ರಿಟೈರ್ ಆದ ನಮ್ಮಪ್ಪನಿಗೂ ತಿಥಿಯ ದಿನ ಇದೇ ಸರ್ಟಿಫಿಕೇಟು ಸಿಕ್ಕಿತ್ತು. ನೀತಿ ಅಂದ್ರೆ ಊಟದ ಕೊನೆಗೆ ಕೊಡೋ ಬಾಳೆಹಣ್ಣು. ಇದ್ರೆ ಸರಿ, ಇಲ್ದಿದ್ರೂ ಹೊಟ್ಟೆ ತುಂಬಿರುತ್ತೆ.

"ಕೋಟಿ ಕೋಟಿ ನುಂಗಿದವರನ್ನ ಬಿಟ್ಟು ಅಕ್ಕಿ ಚೀಲದ ಹಿಂದೆ ಬಿದ್ಯಲ್ಲ" ಅಂತ ಕೆಲವರು ಬರ್ತೀರಿ, ಗೊತ್ತು. ಬನ್ನಿ. ಕೋಟಿ ನುಂಗಿದವನು ನನ್ನ ಪಕ್ಕದ ಎಲೆಗೆ ಕೂತಿರಲಿಲ್ಲ ಸ್ವಾಮಿ.

ಹಾಗಂತ ನಾನೂ ಸಾಚಾ ಅಲ್ಲ. ಮಗಳ ಫೀಸ್ ರಿಯಾಯಿತಿಗೆ ಅಂತ ಒಮ್ಮೆ ವರ್ಷದ ಆದಾಯ 48 ಸಾವಿರ ಅಂತ ಬರೆಸಿಕೊಂಡು ಬಂದಿದ್ದೆ. ಅವಳು ಓದಿ, "ಅಪ್ಪಾ, ಇದ್ರಲ್ಲಿ ಒಂದು ಸೊನ್ನೆ ಬಿಟ್ಟೋಗಿದೆ" ಅಂದಳು. ಪ್ರಿಂಟಿಂಗ್ ಮಿಸ್ಟೇಕು ಅಂದೆ.

ವರ್ಷಕ್ಕೆ 1.20 ಲಕ್ಷ ಆದಾಯ ದಾಟಿದವರಿಗೆ ಬಿಪಿಎಲ್ ಕಾರ್ಡು ಇಲ್ಲ ಅಂತ ನಿಯಮವೇ ಇದೆ. ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರೋ ಅಕ್ಕನ ಹತ್ರ ಸಾಚಾ ಕಾರ್ಡಿದೆ. ಆದ್ರೆ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯ ಮೆಷಿನ್ನು ಹೆಬ್ಬೆಟ್ಟು ಹಿಡಿಯಲ್ಲ. ಈ ತಿಂಗಳು ಎರಡು ಸಲ ಕೆಲಸ ಬಿಟ್ಟು ಕ್ಯೂ ನಿಂತು ಬರಿಗೈಲಿ ಬಂದ್ರು. ನಮ್ಮ ನೆಂಟರದ್ದು ನುಣುಪು ಬೆರಳು, ಒಂದೇ ಸಲಕ್ಕೆ ತಗೊಳ್ಳುತ್ತಂತೆ. ಅದನ್ನೂ ಹೆಮ್ಮೆಯಿಂದಲೇ ಹೇಳಿದ್ರು.

ಇಲ್ಲಿ ಇಷ್ಟೆಲ್ಲ ಕುಟ್ತಾ ಇದೀಯಲ್ಲ, ಅಲ್ಲಿ ಏನಂದೆ ಅಂತೀರಾ? ಹೋಳಿಗೆ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು, ಎಲ್ಲರ ಜೊತೆ ನಾನೂ ನಕ್ಕೆ.